ಎಸೆತದ ಮೂಲ

ಶಲವಡಿಯ ಎರೆಹೊಲಗಳಲ್ಲಿ ಹಿಂಗಾರಿ ಜೋಳ ತೆನೆಗಟ್ಟಿದಾಗ ಹಕ್ಕಿ ಕಾಯುವವನ ಕವಣೆಯನ್ನು ಕಂಡವರಿಗೆ ನನ್ನ ಮಾತು ಹೊಸದೆನಿಸಲಾರದು. ಕಲ್ಲನ್ನು ಎಸೆಯುವುದು ಬರಿಯ ತೋಳಲ್ಲ, ಇಡೀ ದೇಹ. ಮುಂಗಾಲು ನೆಲದಲ್ಲಿ ಊರುತ್ತದೆ, ಸೊಂಟ ತಿರುಗುತ್ತದೆ, ಅದರ ಬೆನ್ನಿಗೆ ಭುಜ, ಕಟ್ಟಕಡೆಗೆ ಮಣಿಕಟ್ಟು. ಈ ಕ್ರಮ ತಪ್ಪಿದರೆ ಎಲ್ಲರ ಹೊರೆಯೂ ತೋಳಿನ ಮೇಲೆ ಬೀಳುತ್ತದೆ. ಅಮೆರಿಕದಲ್ಲಿ ಬೇಸ್‌ಬಾಲ್ ಎಸೆಯುವವನಿಗೆ ಗುರು ಹೇಳಿಕೊಡುವುದೂ ಇದನ್ನೇ. ನಮ್ಮ ಕ್ರಿಕೆಟ್ ಬೌಲರನಿಗೆ ಮೊಳಕೈ ಮಡಚಿ ಬಿಚ್ಚಬಾರದೆಂಬ ಕಟ್ಟಳೆಯೊಂದು ಹೆಚ್ಚು, ಅಷ್ಟೆ.

ಹುಡುಗರಿಗೆ ಬೌಲಿಂಗ್ ಕಲಿಸುವ ನನಗೆ ದಿನವೂ ಎದುರಾಗುವ ಪ್ರಶ್ನೆಯೊಂದಿದೆ: ಯಾವುದನ್ನು ತಿದ್ದಬೇಕು, ಯಾವುದನ್ನು ಬಿಡಬೇಕು? ಆಸ್ಟ್ರೇಲಿಯದ ಡೆನ್ನಿಸ್ ಲಿಲ್ಲಿಯವರ ಬೆನ್ನೆಲುಬು 1973ರಲ್ಲಿ ಬಿರುಕುಬಿಟ್ಟಿತು. ಅವರು ತಮ್ಮ ಎಸೆತದ ರೀತಿಯನ್ನೇ ತಿದ್ದಿಕೊಂಡು 1974ರಲ್ಲಿ ಟೆಸ್ಟ್ ಆಟಕ್ಕೆ ಮರಳಿದರು. 1987ರಿಂದ ಮದರಾಸಿನ ಎಂ.ಆರ್.ಎಫ್. ಸಂಸ್ಥೆಯಲ್ಲಿ ನಮ್ಮ ಹುಡುಗರಿಗೂ ಗುರುವಾದರು. ಮೈಸೂರಿನಲ್ಲಿ ಹುಟ್ಟಿದ ಬಿ.ಎಸ್. ಚಂದ್ರಶೇಖರ್ ಅವರದು ಬೇರೆಯೇ ಕಥೆ. ಬಾಲ್ಯದ ಪೋಲಿಯೋದಿಂದ ಸೊರಗಿದ ಬಲಗೈಯಿಂದಲೇ ಅವರು 1971ರಲ್ಲಿ ಓವಲ್ ಮೈದಾನದಲ್ಲಿ 38 ರನ್ನುಗಳಿಗೆ 6 ವಿಕೆಟ್ ಕಿತ್ತರು. ಇಂಗ್ಲೆಂಡಿನ ನೆಲದಲ್ಲಿ ಭಾರತಕ್ಕೆ ಮೊದಲ ಟೆಸ್ಟ್ ಗೆಲುವು ದೊರೆತದ್ದು ಆ ಪಂದ್ಯದಲ್ಲೇ. ಆ ಕೈಯನ್ನು ಪುಸ್ತಕದ ಅಳತೆಗೆ ತಿದ್ದಹೊರಟಿದ್ದರೆ ನಮಗೆ ಉಳಿಯುತ್ತಿದ್ದುದೇನು?

ಆದ್ದರಿಂದ ನೋವು ತರುವುದನ್ನು ತಿದ್ದಬೇಕು. ಬರಿದೆ ವಿಲಕ್ಷಣವಾದುದನ್ನು ಮುಟ್ಟಬಾರದು. ಹದಿನಾಲ್ಕರ ಹುಡುಗನ ಎಲುಬು ಇನ್ನೂ ಎಳೆಯದು. ಊರಿಗೊಂದು ಕಪ್ಪು ಬರಲೆಂದು ದಿನವೆಲ್ಲ ಅವನೊಬ್ಬನ ಕೈಗೇ ಚೆಂಡು ಕೊಡುವುದು ಹಸಿಗಾಳನ್ನು ರಾಶಿ ಮಾಡಿದಂತೆ. ಅವನ ಎಸೆತಗಳನ್ನು ಎಣಿಸಿರಿ. ನೋಯುತ್ತದೆ ಎಂದ ದಿನ ಚೆಂಡನ್ನು ಇಸಿದುಕೊಳ್ಳಿರಿ.