ಮುಂದೆ ಓಡುವವನ ಬೆನ್ನು, ಕೈಯಲ್ಲಿರುವ ನಕ್ಷೆ

ಇವತ್ತು ಈ ಹೊತ್ತಿನಲ್ಲಿ ರಾಜಕೀಯ ಇಲ್ಲ, ಕ್ರೈಂ ಇಲ್ಲ. ಒಂದು ಓಟದ ವಿಷಯ ಹೇಳ್ತೀನಿ. ಎಷ್ಟು ಹೊತ್ತಿನ ಓಟ ಅಂತ ಕೇಳಿದ್ರೆ ನಗ್ತೀರಿ. ಆರರಿಂದ ಎಂಟು ನಿಮಿಷ, ಅಷ್ಟೇ. ನಮ್ಮ ಒಂದು ಜಾಹೀರಾತು ಬ್ರೇಕ್ ಮುಗಿಯುವಷ್ಟರಲ್ಲಿ ಆರು ಜನ ಒಟ್ಟಿಗೆ ಹೊರಟು, ಅರ್ಧ ಊರು ಸುತ್ತಿ ಬಂದಿರುತ್ತಾರೆ. ಮೂವರು ಮುಂದಿನ ಸುತ್ತಿಗೆ ಹೋಗ್ತಾರೆ. ಉಳಿದ ಮೂವರು ಬ್ಯಾಗ್ ಎತ್ತಿಕೊಂಡು ಹೋಟೆಲಿಗೆ.

ಈ ಆಟಕ್ಕೆ ಓರಿಯೆಂಟೀರಿಂಗ್ ಅಂತ ಹೆಸರು. ನಾನು ಮಾತಾಡ್ತಿರೋದು ಅದರಲ್ಲಿನ ನಾಕ್‌ಔಟ್ ಸ್ಪ್ರಿಂಟ್ ಬಗ್ಗೆ. ಕೇಳಿಲ್ವಾ? ಪರವಾಗಿಲ್ಲ, ನಮ್ಮ ಸ್ಪೋರ್ಟ್ಸ್ ಡೆಸ್ಕಿನಲ್ಲೂ ಯಾರೂ ಕೇಳಿರಲಿಲ್ಲ. ಕೈಯಲ್ಲಿ ಒಂದು ನಕ್ಷೆ, ಅದೇ ಕೈಯ ಹೆಬ್ಬೆರಳಿಗೆ ಸಿಕ್ಕಿಸಿಕೊಂಡ ದಿಕ್ಸೂಚಿ. ನಕ್ಷೆಯ ಮೇಲೆ ಸಣ್ಣ ಸಣ್ಣ ವೃತ್ತಗಳು, ಅವಕ್ಕೆ ಒಂದು, ಎರಡು, ಮೂರು ಅಂತ ನಂಬರ್. ಪ್ರತಿ ವೃತ್ತದ ಜಾಗದಲ್ಲಿ ಕಿತ್ತಳೆ-ಬಿಳಿ ಬಣ್ಣದ ಒಂದು ಗುರುತು ನಿಲ್ಲಿಸಿರುತ್ತಾರೆ, ಅದಕ್ಕೆ ಕಂಟ್ರೋಲ್ ಅಂತಾರೆ. ಅದೇ ಕ್ರಮದಲ್ಲಿ ಎಲ್ಲವನ್ನೂ ಮುಟ್ಟಿ ಬರಬೇಕು. ಒಂದರಿಂದ ಇನ್ನೊಂದಕ್ಕೆ ಯಾವ ದಾರಿ? ಅದು ನಿಮಗೆ ಬಿಟ್ಟಿದ್ದು. ಆಟದ ಜೀವ ಇರೋದೇ ಅಲ್ಲಿ.

ಇದು ಹುಟ್ಟಿದ್ದು ಸ್ಕ್ಯಾಂಡಿನೇವಿಯಾದ ಕಾಡುಗಳಲ್ಲಿ, ಅದೂ ಸೈನಿಕರ ತರಬೇತಿಯಾಗಿ. ಸಾರ್ವಜನಿಕರಿಗೆ ಅಂತ ಮೊದಲ ಸ್ಪರ್ಧೆ ನಡೆದಿದ್ದು 1897ರಲ್ಲಿ, ನಾರ್ವೆಯಲ್ಲಿ. ವಿಶ್ವ ಚಾಂಪಿಯನ್‌ಶಿಪ್ ಶುರುವಾಗಿದ್ದು 1966ರಲ್ಲಿ, ಫಿನ್ಲೆಂಡಿನಲ್ಲಿ. ಆದರೆ ಕಾಡಿನ ಓಟಕ್ಕೆ ಒಂದು ದೊಡ್ಡ ತೊಂದರೆ ಇತ್ತು. ನೋಡೋರಿಗೆ ಏನೂ ಕಾಣಲ್ಲ! ಓಟಗಾರ ಮರಗಳ ನಡುವೆ ಮಾಯ ಆಗ್ತಾನೆ, ಗಂಟೆ ಬಿಟ್ಟು ಕೆಸರು ಮೆತ್ತಿಕೊಂಡು ಬರ್ತಾನೆ. ಜೊತೆಗೆ ಒಬ್ಬೊಬ್ಬರನ್ನೇ ಬೇರೆ ಬೇರೆ ಸಮಯಕ್ಕೆ ಬಿಡೋದು, ಹಾಗಾಗಿ ಯಾರು ಮುಂದೆ ಇದ್ದಾರೆ ಅಂತ ಗೊತ್ತಾಗಬೇಕಾದರೆ ಗಡಿಯಾರ ಹಿಡಿದು ಲೆಕ್ಕ ಹಾಕಬೇಕು. ಟಿವಿಗೆ ಇದಕ್ಕಿಂತ ಕಷ್ಟದ ಆಟ ಇನ್ನೊಂದಿರಲಾರದು.

ಅದಕ್ಕೇ ಆಟವನ್ನ ಊರೊಳಗೆ ತಂದರು. 2001ರಲ್ಲಿ ಫಿನ್ಲೆಂಡಿನ ಟಂಪೆರೆಯಲ್ಲಿ ಸ್ಪ್ರಿಂಟ್ ವಿಭಾಗ ವಿಶ್ವ ಚಾಂಪಿಯನ್‌ಶಿಪ್ ಸೇರಿತು. ಈಗ ಒಂದು ವರ್ಷ ಕಾಡು, ಒಂದು ವರ್ಷ ಊರು. 2022ರಲ್ಲಿ ಡೆನ್ಮಾರ್ಕ್‌ನ ವೈಲೆ, ಕೋಲ್ಡಿಂಗ್, ಫ್ರೆಡೆರಿಸಿಯಾ ಅನ್ನೋ ಮೂರು ಊರುಗಳ ಪ್ರದೇಶದಲ್ಲಿ ಕೂಟ ಆಯ್ತಲ್ಲ, ಅಲ್ಲಿ ಮೊದಲ ಸಲ ನಾಕ್‌ಔಟ್ ಸ್ಪ್ರಿಂಟಿಗೆ ವಿಶ್ವ ಚಾಂಪಿಯನ್ ಪಟ್ಟ ಕೊಟ್ಟರು. ಗೆದ್ದಿದ್ದು ಇಬ್ಬರೂ ಸ್ವೀಡನ್ನಿನವರು. ಗಂಡಸರಲ್ಲಿ ಆಗಸ್ಟ್ ಮೊಲ್ಲೆನ್, ಹೆಂಗಸರಲ್ಲಿ ಟೂವೆ ಅಲೆಕ್ಸಾಂಡರ್ಸನ್. 2024ರಲ್ಲಿ ಎಡಿನ್‌ಬರೋದಲ್ಲೂ ಇದೇ ಆಟ.

ಲೆಕ್ಕ ಸರಳ. ಬೆಳಗ್ಗೆ ಅರ್ಹತಾ ಓಟ. ಅದರಲ್ಲಿ 36 ಜನ ಉಳೀತಾರೆ. ಮಧ್ಯಾಹ್ನ ಕ್ವಾರ್ಟರ್ ಫೈನಲ್, ಆರಾರು ಜನರ ಆರು ಗುಂಪು, ಪ್ರತಿ ಗುಂಪಿನಲ್ಲಿ ಮೊದಲ ಮೂವರು ಪಾಸ್. 18 ಆಯ್ತು. ಸೆಮಿಫೈನಲ್‌ನಲ್ಲಿ ಮೂರು ಗುಂಪು, ತಲಾ ಇಬ್ಬರು ಪಾಸ್. ಫೈನಲ್‌ನಲ್ಲಿ ಆರು. ಒಂದೇ ದಿನದಲ್ಲಿ ನಾಲ್ಕು ಸಲ ಪ್ರಾಣ ಬಿಟ್ಟು ಓಡಬೇಕು. ಇಲ್ಲಿ ಸಮಯಕ್ಕೆ ಬೆಲೆ ಇಲ್ಲ, ಸ್ಥಾನಕ್ಕೆ ಮಾತ್ರ. ನಾಲ್ಕನೆಯವನಾಗಿ ಒಂದು ಹೆಜ್ಜೆ ಹಿಂದೆ ಬಂದ್ರೂ ಮುಗೀತು.

ಇಂಥ ಓಟವನ್ನ ಫಾಲೋ ಮಾಡೋದು ಹೇಗೆ ಅಂತ ಹೇಳ್ತೀನಿ, ಯಾಕಂದ್ರೆ ನನಗೆ ಹುಚ್ಚು ಹಿಡಿಸಿದ್ದೇ ಅದು. ಓಟಗಾರರ ಮೈಮೇಲೆ ಜಿಪಿಎಸ್ ಇರುತ್ತೆ. ಪರದೆಯ ಮೇಲೆ ಊರಿನ ನಕ್ಷೆ ಬರುತ್ತೆ, ಅದರ ಮೇಲೆ ಆರು ಬಣ್ಣದ ಚುಕ್ಕಿಗಳು, ಪ್ರತಿ ಚುಕ್ಕಿಗೂ ಒಂದು ಬಾಲ. ಐದನೇ ಕಂಟ್ರೋಲಿನಿಂದ ಆರಕ್ಕೆ ಹೋಗಬೇಕು, ನಡುವೆ ಒಂದು ದೊಡ್ಡ ಕಟ್ಟಡ. ಎಡಕ್ಕೋ ಬಲಕ್ಕೋ? ನಾಲ್ಕು ಚುಕ್ಕಿ ಎಡಕ್ಕೆ ಹೋದವು. ಒಂದು ಚುಕ್ಕಿ ಬಲಕ್ಕೆ ತಿರುಗಿತು. ಆರನೆಯದು ಅರೆಕ್ಷಣ ನಿಂತುಬಿಡ್ತು. ನಿಮಗೆ ಮೇಲಿಂದ ಎಲ್ಲ ಕಾಣ್ತಿದೆ. ಬಲಗಡೆ ಗಲ್ಲಿ ಹತ್ತು ಮೀಟರ್ ಹತ್ತಿರ ಅಂತಾನೂ ಗೊತ್ತು. 'ಅಯ್ಯೋ, ಬಲಕ್ಕೆ ಹೋಗಮ್ಮಾ!' ಅಂತ ಸೋಫಾದಲ್ಲಿ ಕೂತು ಕೂಗ್ತೀರಿ. ನಮ್ಮ ಮನೇಲಿ ಕೂಗಾಯ್ತು, ಪಕ್ಕದ ಮನೆಯವರು ಕ್ರಿಕೆಟ್ ಅಂದ್ಕೊಂಡ್ರು.

ಆದರೆ ಒಂದು ನಿಮಿಷ. ಆಕೆಗೆ ಆ ನಕ್ಷೆ ಸಿಕ್ಕಿದ್ದು ಓಟ ಶುರುವಾದಾಗ. ಅದಕ್ಕೂ ಮೊದಲು ಕ್ವಾರಂಟೈನ್‌ನಲ್ಲಿ ಕೂರಿಸಿರುತ್ತಾರೆ. ಫೋನ್ ಇಲ್ಲ, ಹೊರಗಿನವರ ಜೊತೆ ಮಾತಿಲ್ಲ. ಸ್ಪರ್ಧೆ ನಡೆಯೋ ಬಡಾವಣೆಗೆ ಮೊದಲೇ ಹೋಗಿ ನಕ್ಷೆ ಹಿಡಿದು ಓಡಿ ನೋಡೋ ಹಾಗಿಲ್ಲ. ಕೈಯಲ್ಲಿರೋ ನಕ್ಷೆಯ ಅಳತೆ 1:4000. ನಾನು ಸಿವಿಲ್ ಇಂಜಿನಿಯರಿಂಗ್ ಓದಿದವನು, ಈ ಅಂಕಿ ನೋಡಿದ ತಕ್ಷಣ ಕಣ್ಣರಳುತ್ತೆ. ಕಾಗದದ ಒಂದು ಸೆಂಟಿಮೀಟರ್ ಅಂದ್ರೆ ನೆಲದ ಮೇಲೆ 40 ಮೀಟರ್, ಒಂದು ಮಿಲಿಮೀಟರ್ ಅಂದ್ರೆ 4 ಮೀಟರ್. ಕಾಲೇಜಿನ ಸರ್ವೆ ಕ್ಯಾಂಪಿನಲ್ಲಿ ನಾವು ಮರದ ನೆರಳಲ್ಲಿ ಪ್ಲೇನ್ ಟೇಬಲ್ ಇಟ್ಕೊಂಡು, ಚಹಾ ಕುಡೀತಾ, ಅಂಥ ಒಂದು ಹಾಳೆ ತಯಾರು ಮಾಡೋಕೆ ದಿನಗಟ್ಟಲೆ ತಗೊಂಡಿದ್ವಿ. ಇವರು ಕಿಲೋಮೀಟರಿಗೆ ನಾಲ್ಕು ನಿಮಿಷದ ಆಸುಪಾಸಿನ ವೇಗದಲ್ಲಿ ಓಡ್ತಾ ಅದನ್ನ ಓದ್ತಾರೆ. ಒಂದು ಗೋಡೆ, ಒಂದು ಮೆಟ್ಟಿಲು, ಒಂದು ಸಂದು ತಪ್ಪಿಸಿಕೊಳ್ಳೋ ಹಾಗಿಲ್ಲ.

ಗೋಡೆ ಅಂದೆ. ಅದೂ ಒಂದು ವಿಶೇಷ. ನಕ್ಷೆಯಲ್ಲಿ ದಪ್ಪ ಕಪ್ಪು ಗೆರೆ ಇದ್ರೆ ಅದು ದಾಟಬಾರದ ಗೋಡೆ. ನೆಲದ ಮೇಲೆ ಆ ಗೋಡೆ ನಿಮ್ಮ ಸೊಂಟದಷ್ಟೇ ಎತ್ತರ ಇರಬಹುದು, ಹಾರಿದ್ರೆ ಎರಡು ಸೆಕೆಂಡ್. ಹಾರಿದ್ರೆ ಅನರ್ಹ. ಪಾಚಿ ಹಸಿರು ಬಣ್ಣ ಇದ್ರೆ ಅದು ಯಾರದೋ ಮನೆಯ ಕೈತೋಟ, ಕಾಲಿಡಬಾರದು. ಕೆಲವು ಕಡೆ ಸಂಘಟಕರೇ ತಾತ್ಕಾಲಿಕ ಬೇಲಿ ಹಾಕಿ ಸುಲಭದ ದಾರಿ ಮುಚ್ಚಿಬಿಡ್ತಾರೆ, ಬೇಕಂತಲೇ. ಆಗ ನಿನ್ನೆವರೆಗೆ ಆ ಊರಲ್ಲಿ ಓಡಾಡ್ತಿದ್ದವನಿಗೂ ಇವತ್ತು ಆ ಊರು ಹೊಸದು.

ಈಗ ನಾನು ಹೇಳಬೇಕು ಅಂದ್ಕೊಂಡ ವಿಷಯಕ್ಕೆ ಬರ್ತೀನಿ. ಒಬ್ಬೊಬ್ಬರನ್ನೇ ಬಿಡೋ ಓಟದಲ್ಲಿ ನೀವೂ ನಿಮ್ಮ ನಕ್ಷೆಯೂ ಅಷ್ಟೇ. ನಾಕ್‌ಔಟ್‌ನಲ್ಲಿ ಹಾಗಲ್ಲ, ನಿಮ್ಮ ಮುಂದೆ ಒಂದು ಬೆನ್ನು ಇರುತ್ತೆ. ಉಸಿರು ಕಟ್ತಿದೆ, ಕಣ್ಣಿಗೆ ಬೆವರು ಇಳಿದಿದೆ, ನಕ್ಷೆ ಓದಬೇಕಾದರೆ ಒಂದು ಕ್ಷಣ ವೇಗ ಬಿಡಬೇಕು. ಮುಂದೆ ಇರೋನು ವಿಶ್ವ ಚಾಂಪಿಯನ್. ಅವನಿಗೆ ದಾರಿ ಗೊತ್ತಿರುತ್ತೆ ಬಿಡು, ಹಿಂದೆ ಹೋದ್ರಾಯ್ತು ಅನ್ಸುತ್ತೆ. ಎಷ್ಟೋ ಸಲ ಅದು ಕೆಲಸವೂ ಮಾಡುತ್ತೆ. ಮೊದಲ ಮೂವರಲ್ಲಿ ಬಂದ್ರೆ ಸಾಕಲ್ವಾ?

ಸಂಘಟಕರಿಗೂ ಇದು ಗೊತ್ತು. ಅದಕ್ಕೇ ಕೆಲವು ಸುತ್ತುಗಳಲ್ಲಿ ಲೂಪ್ ಇಡ್ತಾರೆ. ಆರೂ ಜನರಿಗೆ ಒಟ್ಟು ಕಂಟ್ರೋಲ್‌ಗಳು ಒಂದೇ, ಆದರೆ ಕ್ರಮ ಬೇರೆ. ಮುಂದಿನವನ ಐದನೆಯದು ನಿಮಗೆ ಎಂಟನೆಯದು. ಅವನ ಬೆನ್ನು ಹಿಡಿದು ಹೋದ್ರೆ ಅವನ ಕಂಟ್ರೋಲಿಗೆ ಹೋಗಿ ನಿಲ್ತೀರಿ. ಪ್ರತಿ ಕಂಟ್ರೋಲಿಗೂ ಒಂದು ಕೋಡ್ ನಂಬರ್ ಇರುತ್ತೆ, ಅದನ್ನ ನೋಡದೆ ಬೆರಳಿನ ಚಿಪ್ ತೋರಿಸಿ ಮುಂದೆ ಓಡಿ, ನಿಮ್ಮದನ್ನ ಬಿಟ್ಟೇ ಬಿಟ್ರೆ, ಗೆರೆ ಮೊದಲು ಮುಟ್ಟಿದ್ರೂ ಹೆಸರಿನ ಮುಂದೆ ಅನರ್ಹ ಅಂತ ಬರುತ್ತೆ. ಇನ್ನೂ ಮಜಾ ಅಂದ್ರೆ, ಒಂದೊಂದು ಸುತ್ತಿನಲ್ಲಿ ಹೊರಡೋ ಮುಂಚೆ ಮೂರು ಬೇರೆ ಬೇರೆ ನಕ್ಷೆ ತೋರಿಸ್ತಾರೆ. 20 ಸೆಕೆಂಡ್ ಟೈಮ್. ಯಾವುದು ಬೇಕೋ ಆರಿಸ್ಕೊ. ಯಾವುದು ಚಿಕ್ಕದು ಅಂತ ಕಣ್ಣಳತೆಯಲ್ಲೇ ನಿರ್ಧಾರ ಮಾಡಬೇಕು.

ಇದನ್ನೆಲ್ಲ ನೋಡ್ತಾ ನನಗೆ ನಮ್ಮ ನ್ಯೂಸ್‌ರೂಮಿನ ಗೋಡೆ ನೆನಪಾಗುತ್ತೆ. ನೀವು ನೋಡಿರಲ್ಲ. ಎಲ್ಲ ಚಾನೆಲ್‌ಗಳ ಸ್ಕ್ರೀನ್ ಸಾಲಾಗಿ ಹಾಕಿರ್ತಾರೆ, ಮ್ಯೂಟ್‌ನಲ್ಲಿ. ಒಂದರಲ್ಲಿ ಕೆಂಪು ಪಟ್ಟಿ ಬಂತು ಅಂದ್ರೆ ಎರಡು ನಿಮಿಷಕ್ಕೆ ಪಕ್ಕದ್ದರಲ್ಲೂ ಬರುತ್ತೆ. ಆಮೇಲೆ ಸಾಲಿಗೆ ಸಾಲು ಕೆಂಪು. 'ಅವರಿಗೆ ಬಂದಿದೆ, ನಮಗ್ಯಾಕೆ ಬಂದಿಲ್ಲ?' ಇದು ದೇಶದ ಯಾವ ಭಾಷೆಯ ನ್ಯೂಸ್‌ರೂಮಿಗೆ ಹೋದ್ರೂ ದಿನಕ್ಕೆ ಹತ್ತು ಸಲ ಕೇಳೋ ಪ್ರಶ್ನೆ.

ಒಂದು ಮಳೆಗಾಲದ ರಾತ್ರಿ ಗೋಡೆ ತುಂಬ ಒಂದೇ ಸುದ್ದಿ. ಒಂದು ತಾಲ್ಲೂಕಿನಲ್ಲಿ ಕೆರೆ ಏರಿ ಒಡೆದಿದೆ, ಜನ ಮನೆ ಬಿಟ್ಟು ಓಡ್ತಿದ್ದಾರೆ ಅಂತ. ನಮ್ಮ ಆ ತಾಲ್ಲೂಕಿನ ವರದಿಗಾರ, ಇನ್ನೂ ಹುಡುಗ, ಫೋನಿನಲ್ಲಿ ಹೇಳಿದ: 'ಸರ್, ನಾನು ಬೈಕಲ್ಲಿ ಹೋಗ್ತಿದೀನಿ. ಏರಿ ಮೇಲೆ ನಿಂತು ಹೇಳ್ತೀನಿ, ಅಲ್ಲೀತನಕ ಹಾಕಬೇಡಿ.' ಡೆಸ್ಕಿನ ಹಿರಿಯರು ಒಪ್ಪಿದ್ರು. 14 ನಿಮಿಷ. ಸ್ಟುಡಿಯೋದಲ್ಲಿ ಕೂತವನಿಗೆ ಅದು ಎಷ್ಟು ಉದ್ದ ಅಂತ ಗೊತ್ತಾ? ನಾಕ್‌ಔಟ್ ಓಟ ಎರಡು ಸಲ ಮುಗಿಯುತ್ತೆ! ಕಿವಿಯಲ್ಲಿ ಪ್ರೊಡ್ಯೂಸರ್ ಉಸಿರಾಡೋದೂ ಕೇಳಿಸ್ತಿತ್ತು. ಕೊನೆಗೆ ಹುಡುಗ ಲೈನಿಗೆ ಬಂದ. 'ಸರ್, ಏರಿ ಗಟ್ಟಿಯಾಗಿದೆ. ಕೋಡಿ ಬಿದ್ದಿದೆ ಅಷ್ಟೇ. ಜನ ಕೋಡಿ ನೀರು ನೋಡೋಕೆ ಬಂದಿದ್ದಾರೆ, ಹಬ್ಬದ ಥರ ಇದೆ.' ಕೆರೆ ಇರೋ ಊರಿನವರಿಗೆ ಇವೆರಡರ ವ್ಯತ್ಯಾಸ ನಾನು ಹೇಳಬೇಕಾಗಿಲ್ಲ. ಒಂದು ಅನಾಹುತ, ಇನ್ನೊಂದಕ್ಕೆ ಬಾಗಿನ ಕೊಡ್ತಾರೆ.

ಓರಿಯೆಂಟೀರಿಂಗ್‌ನಲ್ಲಾದರೆ ಆ ಹುಡುಗ ಗೆದ್ದ ಹಾಗೆ. ತಪ್ಪು ಕಂಟ್ರೋಲಿಗೆ ಹೋದವರೆಲ್ಲ ಅನರ್ಹ, ಅವನೊಬ್ಬ ಪಟ್ಟಿಯಲ್ಲಿ. ನಮ್ಮ ವೃತ್ತಿಯಲ್ಲಿ ಹಾಗಿಲ್ಲ, ವೀಕ್ಷಕರೇ. ಇಲ್ಲಿ ಕೋಡ್ ನಂಬರ್ ಪರೀಕ್ಷೆ ಮಾಡೋರು ಗೆರೆಯ ಹತ್ತಿರ ಯಾರೂ ನಿಂತಿಲ್ಲ. ಆ 14 ನಿಮಿಷ ನೀವು ಬೇರೆ ಚಾನೆಲ್‌ನಲ್ಲಿದ್ರಿ. ತಪ್ಪಲ್ಲ, ನಾನೂ ಮನೇಲಿದ್ದಿದ್ರೆ ಕೆಂಪು ಪಟ್ಟಿ ಇರೋ ಕಡೆಗೇ ರಿಮೋಟ್ ಒತ್ತುತ್ತಿದ್ದೆ. ಆದರೆ ಆ ಹುಡುಗನಿಗೆ ಮುಂದಿನ ಸಲವೂ ಏರಿ ಮೇಲೆ ಹೋಗಿ ನಿಲ್ಲೋ ಧೈರ್ಯ ಇರಬೇಕು ಅಂದ್ರೆ, ಅದು ಅರ್ಧ ನಮ್ಮ ಡೆಸ್ಕಿನ ಕೈಯಲ್ಲಿದೆ, ಅರ್ಧ ನಿಮ್ಮ ರಿಮೋಟ್‌ನಲ್ಲಿದೆ.

ಇರಲಿ, ಆಟಕ್ಕೆ ವಾಪಸ್ ಬರೋಣ. ಕಾಡಿನ ಓಟ ಇಷ್ಟಪಡೋ ಹಳಬರು ಇದನ್ನ ನೋಡಿ ಗೊಣಗ್ತಾರೆ. ಟಿವಿಗೋಸ್ಕರ ಮಾಡಿದ ಸರ್ಕಸ್ಸು, ಒಬ್ಬನೇ ದಾರಿ ಹುಡುಕಿಕೊಳ್ಳೋ ಆಟದಲ್ಲಿ ಆರು ಜನರನ್ನ ಒಟ್ಟಿಗೆ ಬಿಟ್ಟರೆ ಆಟದ ಮೂಲವೇ ಹೋಯ್ತು ಅನ್ನೋದು ಅವರ ತಕರಾರು. ಟಿವಿಯವನಾಗಿ ನಾನು ಒಪ್ಪಲ್ಲ. ಕಾಡಿನಲ್ಲಿ ಒಬ್ಬನೇ ಇದ್ದಾಗ ನಕ್ಷೆಯನ್ನ ನಂಬೋದು ಬಿಟ್ಟು ಬೇರೆ ಗತಿ ಏನಿದೆ? ಐದು ಜನ ಎಡಕ್ಕೆ ತಿರುಗಿ ಓಡಿದಾಗ, ಅವರ ಬೂಟಿನ ಸದ್ದು ಕಿವಿಯಲ್ಲಿರುವಾಗ, ಬಲಕ್ಕೆ ತಿರುಗೋದು ಬೇರೆ ಥರದ ಗುಂಡಿಗೆ. ಅದನ್ನ ಪರೀಕ್ಷೆ ಮಾಡೋಕೆ ಆರು ಜನರನ್ನ ಒಟ್ಟಿಗೆ ಬಿಡಲೇಬೇಕು.

ಟೂವೆ ಅಲೆಕ್ಸಾಂಡರ್ಸನ್ ವಿಷಯ ನೋಡಿ. ಈಕೆ ಕಾಡಿನಲ್ಲೂ ವಿಶ್ವ ಚಾಂಪಿಯನ್, ಊರಿನಲ್ಲೂ ವಿಶ್ವ ಚಾಂಪಿಯನ್, ಹಿಮದ ಮೇಲೆ ಸ್ಕೀ ಕಟ್ಟಿಕೊಂಡು ನಡೆಸೋ ಓರಿಯೆಂಟೀರಿಂಗ್‌ನಲ್ಲೂ ವಿಶ್ವ ಚಾಂಪಿಯನ್. ಸಾಲದ್ದಕ್ಕೆ ಬೆಟ್ಟದ ಓಟ, ಅಂದ್ರೆ ಸ್ಕೈರನ್ನಿಂಗ್‌ನಲ್ಲೂ. ಇಂಥವಳ ಬೆನ್ನು ಮುಂದೆ ಇದ್ರೆ ಯಾರಿಗೆ ಹಿಂದೆ ಹೋಗಬೇಕು ಅನ್ಸಲ್ಲ ಹೇಳಿ! ಆದರೂ ಅದೇ 2022ರ ಕೂಟದಲ್ಲಿ, ಒಬ್ಬೊಬ್ಬರೇ ಓಡೋ ಸ್ಪ್ರಿಂಟ್‌ನಲ್ಲಿ ಹೆಂಗಸರ ಚಿನ್ನ ಹೋಗಿದ್ದು ಬ್ರಿಟನ್ನಿನ ಮೇಗನ್ ಕಾರ್ಟರ್ ಡೇವೀಸ್‌ಗೆ. ಗಂಡಸರಲ್ಲಿ ನಾರ್ವೆಯ ಕಾಸ್ಪರ್ ಹಾರ್ಲೆಮ್ ಫೊಸೆರ್. ನಾಕ್‌ಔಟ್ ಗೆದ್ದ ಇಬ್ಬರಲ್ಲಿ ಒಬ್ಬರಿಗೂ ಅದು ಸಿಗಲಿಲ್ಲ. ನಕ್ಷೆ ಅದೇ ಥರದ್ದು, ಬೀದಿಗಳೂ ಅದೇ ಥರದವು. ಒಂಟಿ ಓಟ ಬೇರೆ, ಗುಂಪಿನ ಓಟ ಬೇರೆ.

ಓರಿಯೆಂಟೀರಿಂಗ್ ಒಲಿಂಪಿಕ್ಸ್‌ನಲ್ಲಿ ಇಲ್ಲ. ಅದರ ಅಂತರರಾಷ್ಟ್ರೀಯ ಫೆಡರೇಶನ್‌ಗೆ ಒಲಿಂಪಿಕ್ ಸಮಿತಿಯ ಮಾನ್ಯತೆ 1977ರಿಂದಲೇ ಇದೆ, ಆದ್ರೂ ಆಟಕ್ಕೆ ಬಾಗಿಲು ತೆಗೆದಿಲ್ಲ. 2026 ಊರಿನ ವರ್ಷ, ಜಾಗ ಇಟಲಿಯ ಜೆನೋವಾ. ಆ ಹಳೇ ಬಂದರು ಊರಿನ ಗಲ್ಲಿಗಳ ಫೋಟೋ ಒಂದು ಸಲ ನೋಡಿ, ಎರಡು ಕೈ ಚಾಚಿದ್ರೆ ಎರಡೂ ಗೋಡೆ ಸಿಗೋಷ್ಟು ಇಕ್ಕಟ್ಟಿನವು ಕಾಣ್ತವೆ. ಮೆಟ್ಟಿಲುಗಳಂತೂ ಲೆಕ್ಕ ಇಲ್ಲ. ಅಂಥ ಕಡೆ ಉಪಗ್ರಹದ ಸಿಗ್ನಲ್ ಗೋಡೆಗೆ ಬಡಿದು ಚುಕ್ಕಿಗಳು ಕಟ್ಟಡದ ಮೇಲೆ ಹತ್ತಿ ಕುಣಿಯೋದೂ ಉಂಟು. ಗಾಬರಿ ಆಗಬೇಡಿ, ಓಟಗಾರ ಬೀದಿಯಲ್ಲೇ ಇರ್ತಾನೆ.

ನೋಡೋದಾದ್ರೆ ಮೊದಲ ಸಲ ಆರೂ ಚುಕ್ಕಿ ಹಿಂದೆ ಹೋಗಬೇಡಿ, ತಲೆ ತಿರುಗುತ್ತೆ. ಒಂದನ್ನ ಆರಿಸಿಕೊಳ್ಳಿ. ಮೊದಲನೆಯದಲ್ಲ, ನಾಲ್ಕನೆಯದು. ಮೂರನೆಯವನ ಬೆನ್ನು ಅದರ ಕಣ್ಣೆದುರಿಗೇ ಇರುತ್ತೆ, ಮುಂದೆ ಎರಡು ಕಂಟ್ರೋಲ್ ಬಾಕಿ ಇರುತ್ತೆ, ಹಿಂದೆಯೇ ಹೋದ್ರೆ ನಾಲ್ಕನೇ ಸ್ಥಾನ ಗ್ಯಾರಂಟಿ, ಅಂದ್ರೆ ಮನೆ. ಅದು ಬೇರೆ ಗಲ್ಲಿಗೆ ತಿರುಗುತ್ತಾ ಇಲ್ವಾ, ಅದನ್ನ ನೋಡಿ.