ಅಮ್ಮನ ಚೀನೀ ಊಟ
(ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)

ಅಧ್ಯಕ್ಷರೇ, ಕನ್ನಡ ಬಂಧುಗಳೇ, ಮುಂದಿನ ಸಾಲಿನಲ್ಲಿ ಆಗಲೇ ಆಕಳಿಸುತ್ತಿರುವ ಮಕ್ಕಳೇ,

ಕೂಟದ ಹುಟ್ಟುಹಬ್ಬಕ್ಕೆ ನಾಲ್ಕು ಮಾತಾಡಿ ಎಂದು ಕಾರ್ಯದರ್ಶಿಗಳು ಅಪ್ಪಣೆ ಕೊಡಿಸಿದ್ದಾರೆ. ಊಟಕ್ಕೆ ಮುಂಚಿನ ಭಾಷಣವಾದ್ದರಿಂದ ಊಟದ ವಿಷಯವನ್ನೇ ಆರಿಸಿಕೊಂಡಿದ್ದೇನೆ.

ಹೋದ ಬೇಸಿಗೆ ರಜದಲ್ಲಿ, ಮೈಸೂರಿನಿಂದ ಬಂದಿದ್ದ ನಮ್ಮ ಅಮ್ಮನನ್ನು ಕರೆದುಕೊಂಡು ಸಂಸಾರಸಮೇತ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗಿದ್ದೆವು. ಗ್ರ್ಯಾಂಟ್ ಅವೆನ್ಯೂನಲ್ಲಿ ಚೈನಾಟೌನಿನ ಮಹಾದ್ವಾರವಿದೆ, 1970ರದು. ಅಲ್ಲಿನ ಕಲ್ಲಿನ ಸಿಂಹಗಳಿಗೆ ಅಮ್ಮ ಕೈಮುಗಿದೇ ಒಳಗೆ ಬಂದರು.

ಮಕ್ಕಳಿಗೆ "ನಿಜವಾದ" ಚೀನೀ ಊಟ ಬೇಕಿತ್ತು. ನಾವು ಬೆಂಗಳೂರಿನಲ್ಲಿ ಗಾಡಿ ಮುಂದೆ ನಿಂತು ತಿನ್ನುವ ಗೋಬಿ ಮಂಚೂರಿಗೂ ಚೀನಾಕ್ಕೂ ಸಂಬಂಧವಿಲ್ಲ ಬಿಡಿ. ಅದರ ಮೂಲವಾದ ಚಿಕನ್ ಮಂಚೂರಿಯನ್ ಹುಟ್ಟಿದ್ದೇ 1970ರ ದಶಕದ ಮುಂಬಯಿಯಲ್ಲಿ. ಹಾಗಾಗಿ ಬಿಳಿ ಮೇಜುಬಟ್ಟೆ, ತಿರುಗುವ ಗಾಜಿನ ತಟ್ಟೆ, ಬೆಲೆ ನೋಡಿದರೆ ಎದೆ ಝಲ್ಲೆನ್ನುವ ಮೆನು, ಇಂಥ ಒಂದು ಕಡೆಗೇ ಹೋದೆವು.

"ಬರೀ ತರಕಾರಿ ತಾನೇ?" ಎಂದು ನಾನು ಕೇಳಿದೆ. ಹೌದೆಂದರು. ಗಾಯ್ ಲಾನ್ ಎಂಬ ಸೊಪ್ಪು, ಮೇಲೆ ಕಂದು ಗೊಜ್ಜು. ಅಮ್ಮ ಎರಡು ತುತ್ತು ತಿಂದು, "ಚೆನ್ನಾಗಿದೆ ಕಣೋ, ಬೆಲ್ಲ ಹಾಕಿದ ಹಾಗಿದೆ" ಎಂದರು. ಅಷ್ಟರಲ್ಲಿ ಹನ್ನೊಂದು ವರ್ಷದ ಮಗಳು ಮೆನು ನನ್ನ ಕಡೆ ತಿರುಗಿಸಿ ಬೆರಳಿಟ್ಟಳು: ಆಯ್‌ಸ್ಟರ್ ಸಾಸ್. ಸಿಂಪಿಯೊಳಗಿನ ಜೀವಿಯ ರಸ! ತರಕಾರಿಯೇನೋ ತರಕಾರಿಯೇ. ಅವರು ಸುಳ್ಳು ಹೇಳಿರಲಿಲ್ಲ, ನಾನು ಕೇಳಿದ್ದೇ ತಪ್ಪು ಪ್ರಶ್ನೆ.

"ಏನಂತೆ ಮಗು?" ಎಂದರು ಅಮ್ಮ.

"ಸೊಪ್ಪಿನ ಹೆಸರು ತೋರಿಸ್ತಿದ್ದಾಳೆ" ಎಂದೆ ನಾನು. ಮಹನೀಯರೇ, ಐವತ್ತು ದಾಟಿದ ಇಂಜಿನಿಯರು ಆಡಿದ ಮಾತು ಅದು!

ಮಗಳು ನನ್ನನ್ನೊಮ್ಮೆ ನೋಡಿ, ಎದ್ದುಹೋಗಿ ಬಡಿಸುವ ಮುದುಕರ ಹತ್ತಿರ ಏನೋ ಹೇಳಿದಳು. ಅವರು ಬಂದು ಅಮ್ಮನ ತಟ್ಟೆಯನ್ನೇ ತೆಗೆದುಕೊಂಡು ಹೋದರು. ಸ್ವಲ್ಪ ಹೊತ್ತಿಗೆ ಬೇರೆ ತಟ್ಟೆಯಲ್ಲಿ ಅಣಬೆ, ತೋಫು, ಶಾವಿಗೆಯ ಅಡುಗೆ ಬಂತು. "ಲೋ ಹಾನ್ ಜೈ. ನಮ್ಮ ತಾಯಿಯೂ ತಿಂಗಳ 1ಕ್ಕೆ, 15ಕ್ಕೆ ಇದನ್ನೇ ತಿನ್ನುತ್ತಿದ್ದರು" ಎಂದರು. ಅವರದು ಚಾಂದ್ರಮಾನ. ಅಂದರೆ ಹೆಚ್ಚುಕಡಿಮೆ ನಮ್ಮ ಅಮಾವಾಸ್ಯೆ, ಹುಣ್ಣಿಮೆ. "ಲೋ ಹಾನ್" ಎಂದರೆ ನಮ್ಮ "ಅರ್ಹಂತ"ನೇ, ಬೌದ್ಧರ ಜೊತೆ ಹೋಗಿ ಸವೆದ ಶಬ್ದ. "ಜೈ" ಎಂದರೆ ವ್ರತದ ಊಟ. ಬೌದ್ಧ ಕ್ರಮದಲ್ಲಿ ಮಾಡಿದರೆ ಇದಕ್ಕೆ ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಹಿರಿಯರನ್ನು ಕರೆದುಕೊಂಡು ಹೋಗುವವರು "ವೆಜಿಟೇರಿಯನ್" ಎನ್ನದೆ "ಜೈ" ಎಂದು ಕೇಳಿನೋಡಿ.

ಮೊಮ್ಮಗ ಕಡ್ಡಿಗಳನ್ನು ಅನ್ನದಲ್ಲಿ ನೆಟ್ಟಗೆ ಚುಚ್ಚಿದಾಗ ಆ ಮುದುಕರೇ ತೆಗೆದು ಪಕ್ಕಕ್ಕಿಟ್ಟರು. ಸತ್ತವರಿಗೆ ಊದುಬತ್ತಿ ಹಚ್ಚಿಟ್ಟಂತೆ ಕಾಣುತ್ತದಂತೆ. ಅದನ್ನು ಮಾತ್ರ ಅಮ್ಮನಿಗೆ ಯಾರೂ ವಿವರಿಸಬೇಕಾಗಲಿಲ್ಲ.

ರಾತ್ರಿ ಹೋಟೆಲಿನಲ್ಲಿ ಅಮ್ಮ ಕೇಳಿದರು: "ಮೊದಲು ತಂದಿದ್ದು ಏನೋ ಅದು?" ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ಮಗು ಮುಖ ನೋಡಿದಾಗಲೇ ಗೊತ್ತಾಯ್ತು. ತಿಳಿಯದೆ ತಿಂದಿದ್ದಕ್ಕೆ ದೋಷವಿಲ್ಲ. ತಿಳಿದೂ ನೀನು ಮುಚ್ಚಿಟ್ಟೆಯಲ್ಲ?"

ಮಾರನೆಯ ದಿನ ಅಮ್ಮ ತಣ್ಣೀರು ಸ್ನಾನ ಮಾಡಿ ಉಪವಾಸವಿದ್ದರು. ನನಗೂ ಉಪವಾಸ ಹಾಕಿದರು. ಗೋಲ್ಡನ್ ಗೇಟ್ ಸೇತುವೆಯನ್ನು ನಾನು ಹಸಿದ ಹೊಟ್ಟೆಯಲ್ಲೇ ನೋಡಿದೆ. ಹೆಂಡತಿ ಮಕ್ಕಳು ಪಕ್ಕದಲ್ಲಿ ಐಸ್‌ಕ್ರೀಮ್ ತಿನ್ನುತ್ತಿದ್ದರು.