ಬೆಳಗಿನ ಉಪಾಹಾರ: ಹಿಟ್ಟು ಕಡಿಮೆ, ಕಾಳು ಹೆಚ್ಚು



ಕೆಲವು ತಿಂಗಳ ಹಿಂದೆ ವಿದ್ಯಾರ್ಥಿಗಳ ಚರ್ಚಾಕೂಟವೊಂದನ್ನು ಚಿತ್ರೀಕರಿಸಲು ನಮ್ಮ ತಂಡ ಜಮಖಂಡಿಗೆ ಹೋಗಿತ್ತು. ದೀಪಗಳ ಬೆಳಕಿನಲ್ಲಿ ಅರ್ಧ ಗಂಟೆ ಕುಳಿತಿದ್ದ ವಿದ್ಯಾರ್ಥಿನಿಯೊಬ್ಬಳು ತಲೆಸುತ್ತು ಬಂದು ಮೇಜಿಗೆ ಒರಗಿದಳು. ಚಿತ್ರೀಕರಣ ನಿಲ್ಲಿಸಿ ನೀರು ಕೊಟ್ಟೆವು. ಅಲ್ಲಿದ್ದ ಹಿರಿಯ ಅಧ್ಯಾಪಕಿಯೊಬ್ಬರು ಅವಳ ಬೆನ್ನು ಸವರುತ್ತ, "ಮುಂಜಾನೆ ಏನ್ ತಿಂದೀ ಯವ್ವಾ?" ಎಂದು ಕೇಳಿದರು. "ಏನೂ ಇಲ್ರೀ ಮೇಡಂ. ಹದಿನೈದು ದಿನದಿಂದ ನಾಷ್ಟಾ ಬಿಟ್ಟೇನ್ರೀ. ಸಣ್ಣ ಆಗಬೇಕಂತ ಮಾಡೇನ್ರೀ" ಎಂದಳು. ಪಕ್ಕದಲ್ಲಿದ್ದ ಹುಡುಗ ನನ್ನ ಕಡೆ ತಿರುಗಿ, "ಸರ, ರೊಟ್ಟಿ ಬಿಟ್ರ ಸಣ್ಣ ಆಗ್ತೀವಂತಾರಲ್ರೀ, ಖರೇ ಏನ್ರೀ?" ಎಂದ.

ಅಂದು ಅವನಿಗೆ ಎರಡು ಮಾತಿನಲ್ಲಿ ಉತ್ತರ ಹೇಳಿದೆ. ಇಂದು ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಾನು ವೈದ್ಯನಲ್ಲ, ರಸಾಯನಶಾಸ್ತ್ರ ಓದಿ ದೂರದರ್ಶನದ ಕೆಲಸಕ್ಕೆ ಬಂದವನು. ಆದರೆ ಈ ಪ್ರಶ್ನೆಯ ಬಹುಭಾಗ ನಿಮ್ಮ ವಿಜ್ಞಾನದ ಪಠ್ಯಪುಸ್ತಕದಲ್ಲಿಯೇ ಇದೆ. ಅದನ್ನು ಅಡುಗೆಮನೆಗೆ ತಂದುಕೊಳ್ಳುವುದಷ್ಟೇ ನಮ್ಮ ಕೆಲಸ.

ಮೊದಲಿಗೆ ಶರ್ಕರಪಿಷ್ಟವೆಂದರೆ ಏನು? ಅಕ್ಕಿ, ಜೋಳ, ಗೋಧಿ, ರವೆ, ಚುರುಮುರಿ, ಅವಲಕ್ಕಿ ಇವುಗಳಲ್ಲಿರುವ ಪಿಷ್ಟವೂ, ಸಕ್ಕರೆ ಬೆಲ್ಲಗಳಲ್ಲಿರುವ ಸಿಹಿಯೂ ಇದೇ ಕುಲಕ್ಕೆ ಸೇರಿದವು. ಒಂದು ತುಂಡು ರೊಟ್ಟಿಯನ್ನು ನುಂಗದೆ ಎರಡು ನಿಮಿಷ ಅಗಿಯುತ್ತ ಹೋಗಿ. ಅದು ನಿಧಾನವಾಗಿ ಸಿಹಿಯಾಗುತ್ತದೆ. ಜೊಲ್ಲಿನಲ್ಲಿರುವ ಕಿಣ್ವವು ಪಿಷ್ಟವನ್ನು ಒಡೆದು ಸಕ್ಕರೆಯಾಗಿಸುವುದೇ ಇದಕ್ಕೆ ಕಾರಣ. ಸಣ್ಣ ಕರುಳಿನಲ್ಲಿ ಈ ಕೆಲಸ ಪೂರ್ಣಗೊಂಡು ಗ್ಲೂಕೋಸ್ ರಕ್ತಕ್ಕೆ ಸೇರುತ್ತದೆ. ಆಗ ಮೇದೋಜೀರಕ ಗ್ರಂಥಿ ಇನ್ಸುಲಿನ್ ಸ್ರವಿಸುತ್ತದೆ. ಬೇಕಾದಷ್ಟು ಗ್ಲೂಕೋಸ್ ಉರಿದು ಶಕ್ತಿಯಾಗುತ್ತದೆ. ಒಂದಿಷ್ಟು ಯಕೃತ್ತು ಮತ್ತು ಸ್ನಾಯುಗಳಲ್ಲಿ ಗ್ಲೈಕೋಜನ್ ಆಗಿ ಉಳಿಯುತ್ತದೆ. ದಿನದಿನವೂ ಖರ್ಚಿಗಿಂತ ಹೆಚ್ಚು ತಿಂದರೆ ಆ ಹೆಚ್ಚುವರಿ ಶಕ್ತಿ ಕೊಬ್ಬಾಗಿ ಸೇರುತ್ತ ಹೋಗುತ್ತದೆ. ತಪ್ಪು ಪಿಷ್ಟದ್ದಲ್ಲ, ಲೆಕ್ಕ ತಪ್ಪಿದ್ದು ನಮ್ಮದು.

ಈ ಲೆಕ್ಕ ಎಲ್ಲಿ ತಪ್ಪಿತು? ಮುಧೋಳ, ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿ ಈ ನಾಲ್ಕೂ ಕಡೆ ಸುತ್ತಾಡಿದವನಿಗೆ ಉತ್ತರ ಕಣ್ಣಿಗೆ ಬೀಳುತ್ತದೆ. ಕೃಷ್ಣೆ, ಘಟಪ್ರಭೆಯರ ನೀರಾವರಿ ಬಂದ ಮೇಲೆ ಜೋಳ ಬೆಳೆಯುತ್ತಿದ್ದ ಅನೇಕ ಹೊಲಗಳಲ್ಲಿ ಕಬ್ಬು ನಿಂತಿದೆ. ಬನಹಟ್ಟಿಯ ಕುಣಿಮಗ್ಗದಲ್ಲಿ ಕುಳಿತ ನೇಕಾರನ ಕೈಕಾಲುಗಳಿಗೆ ದಿನವಿಡೀ ಬಿಡುವಿರಲಿಲ್ಲ. ವಿದ್ಯುತ್ ಮಗ್ಗದಲ್ಲಿ ಆ ದುಡಿಮೆಯ ಬಹುಪಾಲನ್ನು ಯಂತ್ರ ಮಾಡುತ್ತದೆ. ಕಬ್ಬು ಕಡಿಯುವ ಅಣ್ಣನಿಗೆ ಮೂರು ರೊಟ್ಟಿಯ ಬುತ್ತಿ ನ್ಯಾಯವೇ. ಅದೇ ಮೂರು ರೊಟ್ಟಿ ತಿಂದು ಬಸ್ಸು ಹತ್ತಿ, ಸಂಜೆಯವರೆಗೆ ಬೆಂಚಿನ ಮೇಲೆ ಕುಳಿತು, ರಾತ್ರಿ ಮೊಬೈಲ್ ಹಿಡಿಯುವ ನಮಗೆ ಅದು ಹೆಚ್ಚಾಗುತ್ತದೆ. ದುಡಿಮೆ ಬದಲಾಯಿತು, ತಾಟು ಬದಲಾಗಲಿಲ್ಲ.

ಇದು ಕೇವಲ ಅಂದಚಂದದ ಪ್ರಶ್ನೆಯಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದ ರಾಷ್ಟ್ರವ್ಯಾಪಿ ಸಮೀಕ್ಷೆಯ 2023ರ ವರದಿಯಂತೆ ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಮಧುಮೇಹವಿದೆ. ಅದರ ಹೊಸ್ತಿಲಲ್ಲಿ ನಿಂತವರು 13 ಕೋಟಿಗೂ ಹೆಚ್ಚು. ಅದೇ ಸಮೀಕ್ಷೆಯ 2025ರ ವರದಿ ಇನ್ನೊಂದು ಮಾತು ಹೇಳಿತು. ಭಾರತೀಯರ ಆಹಾರದ ಶಕ್ತಿಯಲ್ಲಿ ಶೇಕಡ 62ರಷ್ಟು ಶರ್ಕರಪಿಷ್ಟದಿಂದಲೇ ಬರುತ್ತದೆ. ಸಸಾರಜನಕದ ಪಾಲು ಶೇಕಡ 12ರ ಆಸುಪಾಸು ಮಾತ್ರ. ಅಕ್ಕಿ ಬಿಟ್ಟು ಗೋಧಿ ಅಥವಾ ಸಿರಿಧಾನ್ಯದ ಹಿಟ್ಟು ಹಿಡಿದರಷ್ಟೇ ಸಾಲದು, ಒಟ್ಟು ಪಿಷ್ಟವನ್ನು ತಗ್ಗಿಸಿ ಆ ಜಾಗದಲ್ಲಿ ಕಾಳು, ಹಾಲು, ಮೊಸರುಗಳಂಥ ಸಸಾರಜನಕ ತರಬೇಕು ಎಂಬುದು ಅದರ ಸಾರ.

ನೂರು ಗ್ರಾಂ ಜೋಳದಲ್ಲಿ ಸುಮಾರು 70 ಗ್ರಾಂ ಶರ್ಕರಪಿಷ್ಟವೂ 10 ಗ್ರಾಂ ಸಸಾರಜನಕವೂ ಇವೆ. ಐವತ್ತು ಗ್ರಾಂ ಹಿಟ್ಟಿನ ಒಂದು ರೊಟ್ಟಿಯೆಂದರೆ 35 ಗ್ರಾಂ ಶರ್ಕರಪಿಷ್ಟ. ಮೂರು ರೊಟ್ಟಿಗೆ 105 ಗ್ರಾಂ. ಜೋಳದಲ್ಲಿ ನಾರು ಚೆನ್ನಾಗಿದೆ, ಅದು ಉತ್ತಮ ಧಾನ್ಯ, ನಿಜ. ಆದರೂ ಅದು ಧಾನ್ಯವೇ. ಹೋಟೆಲಿನ ಒಂದು ಪ್ಲೇಟ್ ಸೂಸಲದಲ್ಲಿ 60 ಗ್ರಾಂ ಚುರುಮುರಿ ಇದ್ದರೆ 44 ಗ್ರಾಂ ಶರ್ಕರಪಿಷ್ಟ ಬರುತ್ತದೆ, ಸಸಾರಜನಕ ನಾಲ್ಕೈದು ಗ್ರಾಂ ಮಾತ್ರ. ಅದರ ಜೊತೆ ಎರಡು ಮಿರ್ಚಿ, ಮೇಲೊಂದು ಚಹಾ! ಎರಡು ಚಮಚ ಸಕ್ಕರೆಯ ಒಂದು ಚಹಾದಲ್ಲಿ ಹತ್ತು ಗ್ರಾಂ ಸಕ್ಕರೆ. ದಿನಕ್ಕೆ ಮೂರು ಚಹಾ ಆದರೆ 30 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ನೀಡಿದ ಸಲಹೆಯಂತೆ ದಿನಕ್ಕೆ 25 ಗ್ರಾಮಿನೊಳಗೆ ನಿಂತರೆ ಒಳ್ಳೆಯದು. "ನಾವು ಸಕ್ಕರೆ ಹಾಕೂದಿಲ್ರೀ, ಬೆಲ್ಲ ಹಾಕ್ತೀವಿ" ಎನ್ನುವವರು ಮಹಾಲಿಂಗಪುರದ ಬೆಲ್ಲದ ಸೀಮೆಯಲ್ಲಿ ಬಹಳ. ಬೆಲ್ಲದ ರುಚಿ ಬೇರೆ, ಬಣ್ಣ ಬೇರೆ. ಒಳಗಿರುವುದು ಬಹುಪಾಲು ಅದೇ ಸಕ್ಕರೆ. ಅಲ್ಲಿ ರಿಯಾಯಿತಿ ಇಲ್ಲ.

ಪ್ರಯೋಗಾಲಯದಲ್ಲಿ ನಿಮ್ಮ ಅಧ್ಯಾಪಕರ ಒಪ್ಪಿಗೆ ಪಡೆದು ಒಂದು ಪ್ರಯೋಗ ಮಾಡಿ. ಚುರುಮುರಿ, ರೊಟ್ಟಿ, ಕಡಲೆಹಿಟ್ಟು, ಮೊಸರು, ಬೇಯಿಸಿದ ಮೊಟ್ಟೆಯ ಬಿಳಿಭಾಗ ಇವುಗಳನ್ನು ಬೇರೆಬೇರೆ ತಟ್ಟೆಯಲ್ಲಿಟ್ಟು ಒಂದೊಂದು ಹನಿ ಅಯೋಡಿನ್ ದ್ರಾವಣ ಹಾಕಿ. ಚುರುಮುರಿ, ರೊಟ್ಟಿ ಕಡುನೀಲಿಯಾಗುತ್ತವೆ. ಮೊಸರು, ಮೊಟ್ಟೆ ಆಗುವುದಿಲ್ಲ. ಕಡಲೆಹಿಟ್ಟು? ಅದೂ ನೀಲಿಯಾಗುತ್ತದೆ! ಕಾಳಿನಲ್ಲಿಯೂ ಪಿಷ್ಟವಿದೆ ಎಂಬುದನ್ನು ಮರೆಯಬಾರದು. ಆದರೆ ಅದರಲ್ಲಿ ಸಸಾರಜನಕ ಜೋಳದ ಎರಡು ಪಟ್ಟು ಇದೆ, ನಾರೂ ಇದೆ. ಕಾಳಿನ ಪಿಷ್ಟ ನಿಧಾನವಾಗಿ ಜೀರ್ಣವಾಗುತ್ತದೆ. ಹೊಟ್ಟೆ ತುಂಬಿದ ಭಾವ ಹೆಚ್ಚು ಹೊತ್ತು ನಿಲ್ಲುತ್ತದೆ. ಹನ್ನೊಂದು ಗಂಟೆಗೆ ಮತ್ತೆ ಮಿರ್ಚಿಯ ಅಂಗಡಿ ನೆನಪಾಗುವುದಿಲ್ಲ. (ಅಯೋಡಿನ್ ಹಾಕಿದ ಪದಾರ್ಥವನ್ನು ಯಾರೂ ತಿನ್ನಬಾರದು.)

ಹಾಗಾದರೆ ಮುಂಜಾನೆ ಏನು ತಿನ್ನೋಣ? ಪೇಟೆಯ ಡಬ್ಬಿ, ಪುಡಿಗಳು ಬೇಡ. ನಿಮ್ಮ ಅವ್ವನ ಅಡುಗೆಮನೆಯಲ್ಲಿರುವುದನ್ನೇ ಹೇಳುತ್ತೇನೆ.

ಮೊದಲನೆಯದು, ಮೊಳಕೆ ಮಡಕಿಕಾಳಿನ ಉಸುಳಿ. ಕಾಳನ್ನು ಒಂದು ಹಗಲು ನೆನೆಸಿ, ನೀರು ಬಸಿದು, ರಾತ್ರಿ ಒದ್ದೆಬಟ್ಟೆಯಲ್ಲಿ ಕಟ್ಟಿಡಿ. ಬೆಳಿಗ್ಗೆ ಮೊಳಕೆ ಬಂದಿರುತ್ತದೆ. ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಒಂದು ಚಮಚ ಎಣ್ಣೆಯ ಒಗ್ಗರಣೆಯಲ್ಲಿ ಹತ್ತು ಹನ್ನೆರಡು ನಿಮಿಷ ಬೇಯಿಸಿದರೆ ಆಯಿತು. ಐವತ್ತು ಗ್ರಾಂ ಒಣ ಕಾಳಿನಿಂದ ಸುಮಾರು 12 ಗ್ರಾಂ ಸಸಾರಜನಕ ದೊರೆಯುತ್ತದೆ. ಶರ್ಕರಪಿಷ್ಟ 28 ಗ್ರಾಂ. ಸೂಸಲದ ಪ್ಲೇಟಿನೊಡನೆ ಹೋಲಿಸಿ ನೋಡಿ.

ಎರಡನೆಯದು, ಹೆಸರುಕಾಳಿನ ದೋಸೆ. ರಾತ್ರಿ ನೆನೆಹಾಕಿದ ಹೆಸರುಕಾಳನ್ನು ಶುಂಠಿ, ಮೆಣಸಿನಕಾಯಿಯೊಡನೆ ರುಬ್ಬಿದರೆ ಸಾಕು. ಅಕ್ಕಿ ಹಾಕಬೇಕಾಗಿಲ್ಲ, ಹುಳಿ ಬರಿಸಲು ಕಾಯಬೇಕಾಗಿಲ್ಲ.

ಮೂರನೆಯದು, ಝುಣಕ. ಕಡಲೆಹಿಟ್ಟು, ಉಳ್ಳಾಗಡ್ಡಿ, ಕೊತ್ತಂಬರಿ, ಹತ್ತೇ ನಿಮಿಷ. ಆದರೆ ಅದನ್ನು ಮೂರು ರೊಟ್ಟಿಯ ನೆಪಕ್ಕೆ ಮಾಡಬೇಡಿ. ಒಂದು ತೆಳ್ಳನೆಯ ರೊಟ್ಟಿ, ಬದಿಗೆ ಮುಷ್ಟಿ ತುಂಬ ಹಸಿ ಮೆಂತೆಸೊಪ್ಪು, ಸವತೆಕಾಯಿ, ಮೂಲಂಗಿ. ಸೊಪ್ಪು ತರಕಾರಿಯನ್ನು ಊಟದೊಡನೆ ಹಸಿಯಾಗಿಯೇ ತಿನ್ನುವ ನಿಮ್ಮ ಭಾಗದ ಪದ್ಧತಿ ಬಹಳ ಒಳ್ಳೆಯದು. ತೊಳೆದು ತಿನ್ನಿ, ಅಷ್ಟೇ.

ನಾಲ್ಕನೆಯದು, ಒಲೆ ಹಚ್ಚಲು ಸಮಯವೇ ಇಲ್ಲದವರಿಗೆ. ರಾತ್ರಿ ಉಳಿದ ಒಂದು ಕಟಕರೊಟ್ಟಿ, ಒಂದು ದೊಡ್ಡ ಬಟ್ಟಲು ಗಟ್ಟಿ ಮೊಸರು, ಎರಡು ಚಮಚ ಶೇಂಗಾ ಹಿಂಡಿ ಅಥವಾ ಅಗಸಿ ಹಿಂಡಿ, ಒಂದು ಉಳ್ಳಾಗಡ್ಡಿ. ಎರಡು ನಿಮಿಷದಲ್ಲಿ ತಾಟು ಸಿದ್ಧ. ಮೊಸರಿಗೆ ಸಕ್ಕರೆ ಬೇಡ.

ಐದನೆಯದು, ಮೊಟ್ಟೆ ತಿನ್ನುವ ಮನೆಯವರಿಗೆ. ಎರಡು ಮೊಟ್ಟೆಗಳಲ್ಲಿ 12 ಗ್ರಾಮಿನಷ್ಟು ಸಸಾರಜನಕವಿದೆ. ಶರ್ಕರಪಿಷ್ಟ ಒಂದು ಗ್ರಾಮಿನ ಆಚೀಚೆ. ಮೆಂತೆಸೊಪ್ಪು, ಉಳ್ಳಾಗಡ್ಡಿ ಹಾಕಿ ಐದು ನಿಮಿಷದಲ್ಲಿ ಹುರಿಯಬಹುದು. ತಿನ್ನದವರಿಗೆ ನಷ್ಟವೇನಿಲ್ಲ, ಮೇಲಿನ ನಾಲ್ಕೂ ಇವೆ.

ಆರನೆಯದು, ವಸತಿನಿಲಯದಲ್ಲಿ ಇರುವವರಿಗೆ. ಕೊಟ್ಟದ್ದನ್ನು ತಿನ್ನಬೇಕಾದ ನಿಮಗೆ ಆಯ್ಕೆ ಕಡಿಮೆ ಎಂಬುದನ್ನು ಬಲ್ಲೆ. ಉಪ್ಪಿಟ್ಟೋ ಅವಲಕ್ಕಿಯೋ ಇದ್ದರೆ ಅರ್ಧ ಬಡಿಸಿಕೊಳ್ಳಿ; ನಿಮ್ಮ ಪೆಟ್ಟಿಗೆಯಲ್ಲಿರುವ ಹುರಿದ ಶೇಂಗಾ ಅಥವಾ ಪುಟಾಣಿಯನ್ನು ಒಂದು ಹಿಡಿ ಸೇರಿಸಿ. ಒಂದು ಲೋಟ ಮಜ್ಜಿಗೆ ಸಿಕ್ಕರೆ ಇನ್ನೂ ಒಳ್ಳೆಯದು. ಆದರೆ ಶೇಂಗಾದಲ್ಲಿ ಎಣ್ಣೆ ಬಹಳ. ಮೂವತ್ತು ಗ್ರಾಮಿನ ಒಂದು ಹಿಡಿಗೇ ಸುಮಾರು 170 ಕ್ಯಾಲೊರಿ. ಹಿಡಿಯ ಮೇಲೆ ಹಿಡಿ ತಿನ್ನುತ್ತ ಹೋದರೆ ಲೆಕ್ಕ ಮತ್ತೆ ತಪ್ಪುತ್ತದೆ.

ಸೂಸಲ ಬಿಡಲಾಗದವರೂ ಇರುತ್ತಾರೆ, ನಾನೂ ಅವರಲ್ಲೊಬ್ಬ. ಚುರುಮುರಿ ಅರ್ಧ ಹಾಕಿ, ಉಳಿದರ್ಧಕ್ಕೆ ಮೊಳಕೆಕಾಳು, ಉಳ್ಳಾಗಡ್ಡಿ, ಟೊಮೆಟೊ, ಪುಟಾಣಿ ಹಿಟ್ಟು ಹಾಕಿ. ಹೆಸರು ಅದೇ, ತಾಟು ಬೇರೆ.

ಇನ್ನು ನನ್ನ ಸಂಗತಿ. ಸಂಕಲನ ಕೊಠಡಿಯಲ್ಲಿ ಕುಳಿತು ಕುಳಿತು ನಲವತ್ತರ ಹೊತ್ತಿಗೆ ನನ್ನ ಸೊಂಟದ ಸುತ್ತಳತೆ 98 ಸೆಂಟಿಮೀಟರ್ ಆಗಿತ್ತು. ಭಾರತದ ಗಂಡಸರಿಗೆ 90, ಹೆಂಗಸರಿಗೆ 80 ದಾಟಿದರೆ ಎಚ್ಚರಿಕೆ ಬೇಕೆಂದು ವೈದ್ಯರು ಹೇಳುತ್ತಾರೆ. ಉಪಾಹಾರವನ್ನು ಈ ರೀತಿ ಬದಲಿಸಿ, ಚಹಾದ ಸಕ್ಕರೆ ಬಿಟ್ಟು, ಸಂಜೆ ನಲವತ್ತು ನಿಮಿಷ ನಡೆದೆ. ಒಂದು ವರ್ಷದಲ್ಲಿ ಆರು ಕಿಲೋ ಇಳಿಯಿತು. ಆದರೆ ಮಿತ್ರರೇ, ಒಬ್ಬನ ಅನುಭವ ವಿಜ್ಞಾನವಲ್ಲ. ಇಳಿಸಿದ್ದು ಉಸುಳಿಯೋ, ಸಕ್ಕರೆ ಬಿಟ್ಟದ್ದೋ, ನಡಿಗೆಯೋ ಎಂದು ಬಿಡಿಸಿ ಹೇಳಲು ನನಗೇ ಬಾರದು. ಇಂಥ ಕಥೆ ಹೇಳಿ ಪುಡಿ ಮಾರಲು ಬರುವವರನ್ನು ನೀವು ಕೇಳಬೇಕಾದ ಪ್ರಶ್ನೆಯೂ ಇದೇ.

ಕೊನೆಯದಾಗಿ ಕೆಲವು ಎಚ್ಚರಿಕೆಯ ಮಾತುಗಳು. ನೀವು ಹದಿನೆಂಟರ ಒಳಗಿನವರಾದರೆ ನಿಮ್ಮ ಎಲುಬು, ಸ್ನಾಯು ಇನ್ನೂ ಬೆಳೆಯುತ್ತಿವೆ. ಧಾನ್ಯವನ್ನು ಪೂರ್ತಿ ಬಿಡುವ, ಉಪವಾಸ ಬೀಳುವ ಪ್ರಯೋಗ ನಿಮಗಲ್ಲ. ಗರಡಿಮನೆಗೆ ಹೋಗುವವರು, ಓಟದ ಅಭ್ಯಾಸ ಮಾಡುವವರು, ರಜೆಯಲ್ಲಿ ಹೊಲದಲ್ಲಿ ದುಡಿಯುವವರು ರೊಟ್ಟಿ ಕಡಿಮೆ ಮಾಡಬೇಕಾಗಿಲ್ಲ. ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಬಹಳ ಸಾಮಾನ್ಯ. ಊಟ ಬಿಡುವುದರಿಂದ ಅದು ಇನ್ನಷ್ಟು ಹೆಚ್ಚುತ್ತದೆ. ಮನೆಯಲ್ಲಿ ಅಪ್ಪನೋ ಅಜ್ಜಿಯೋ ಮಧುಮೇಹಕ್ಕೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರೆ ಅವರ ತಾಟನ್ನು ನೀವಾಗಿ ಬದಲಿಸಬೇಡಿ. ಪಿಷ್ಟ ತಗ್ಗಿ, ಔಷಧ ಅಷ್ಟೇ ಉಳಿದರೆ ರಕ್ತದ ಸಕ್ಕರೆ ಅಪಾಯಕರವಾಗಿ ಇಳಿಯಬಹುದು. ಮೂತ್ರಪಿಂಡದ ತೊಂದರೆ ಇರುವವರಿಗೆ ಸಸಾರಜನಕದ ಪ್ರಮಾಣವನ್ನು ವೈದ್ಯರೇ ಹೇಳಬೇಕು.

ಮುಧೋಳದ ನಾಯಿಯನ್ನು ನೀವೆಲ್ಲ ನೋಡಿದ್ದೀರಿ. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರವಿರುವ ಅಂಚೆಚೀಟಿಯನ್ನೂ ಹೊರಡಿಸಿತು. ಅದು ಸಣ್ಣಗಿದೆ, ಆದರೆ ಸೊರಗಿಲ್ಲ. ಅದರ ಮೈಕಟ್ಟು ಹುಟ್ಟಿನಿಂದ ಬಂದದ್ದು, ಬಲ ಓಟದಿಂದ ಬಂದದ್ದು. ಮನುಷ್ಯರಲ್ಲಿಯೂ ಮೈಕಟ್ಟು ಒಬ್ಬೊಬ್ಬರದು ಒಂದೊಂದು. ಗೆಳತಿಯ ಸೊಂಟ ನೋಡಿ ನಿಮ್ಮ ತಾಟು ಅಳೆಯಬೇಡಿ; ಗೆಳೆಯನ ಹೊಟ್ಟೆ ನೋಡಿ ಅಡ್ಡಹೆಸರು ಇಡಬೇಡಿ. ಅಂದು ತಲೆಸುತ್ತಿ ಒರಗಿದ ಆ ಹುಡುಗಿಯ ಬೆನ್ನ ಹಿಂದೆ ಅಂಥದೊಂದು ಅಡ್ಡಹೆಸರು ಇತ್ತು ಎಂಬುದು ನಮಗೆ ಆಮೇಲೆ ತಿಳಿಯಿತು.

ಆ ದಿನ ಅಧ್ಯಾಪಕಿ ತಮ್ಮ ಡಬ್ಬಿ ಬಿಚ್ಚಿ ಅವಳ ಮುಂದಿಟ್ಟರು. ಒಂದು ರೊಟ್ಟಿ, ಮಡಕಿಕಾಳಿನ ಪಲ್ಯ, ಮೊಸರು. ಅವಳು ತಿಂದಳು. ಸ್ವಲ್ಪ ಹೊತ್ತು ವಿಶ್ರಾಂತಿ ಪಡೆದು ಮತ್ತೆ ಬಂದು ಕುಳಿತು ತನ್ನ ಪಾಲಿನ ಮಾತನ್ನು ಬಹಳ ಚೆನ್ನಾಗಿ ಆಡಿದಳು. "ರೊಟ್ಟಿ ಬಿಡಬೇಕೇನ್ರೀ?" ಎಂದು ಕೇಳಿದ ಹುಡುಗನಿಗೆ ನನ್ನ ಉತ್ತರ ಆ ಡಬ್ಬಿಯಲ್ಲಿಯೇ ಇತ್ತು. ರೊಟ್ಟಿ ಬಿಡಬೇಡಪ್ಪಾ, ಮೂರಿದ್ದಲ್ಲಿ ಒಂದೋ ಎರಡೋ ಮಾಡು. ಕಾಳು, ಸೊಪ್ಪು, ಮೊಸರು ಹೆಚ್ಚು ಮಾಡು. ಮುಂಜಾನೆ ಮಾತ್ರ ಬರಿಹೊಟ್ಟೆಯಲ್ಲಿ ಮನೆ ಬಿಡಬೇಡ.